ಮನೆತನದ ಹಳೆಯ ಗಾಯ
(ಆದಿಕಾಂಡ 25ರಿಂದ 50ರ ವರೆಗಿನ ಅಧ್ಯಾಯಗಳ ಅಭ್ಯಾಸ)

ಕೆಲವು ಮನೆತನಗಳಲ್ಲಿ ಹೊಲಮನೆಗಳು ಹಿರಿಯರಿಂದ ಕಿರಿಯರಿಗೆ ಬರುವಂತೆಯೇ ದುಃಖಗಳೂ ಬರುವವು. ತಾಯಿಯು ಯಾವ ಮಾತಿನಿಂದ ನೊಂದಿದ್ದಳೋ ಅದೇ ಮಾತನ್ನು ತನ್ನ ಮಗಳಿಗೆ ಆಡುವಳು. ಅತ್ತೆಯ ಮನೆಯಲ್ಲಿ ಕಣ್ಣೀರು ಸುರಿಸಿದ ಸೊಸೆಯು ತಾನು ಅತ್ತೆಯಾದಾಗ ತನ್ನ ಸೊಸೆಯನ್ನು ಅಳಿಸುವಳು. ಇದನ್ನು ಹಣೆಬರಹವೆಂದು ಹೇಳಿ ಸುಮ್ಮನಾಗುವವರು ಬಹಳ ಮಂದಿ. ಇದು ಹಣೆಬರಹವೋ ಅಥವಾ ವಾಸಿಯಾಗತಕ್ಕ ರೋಗವೋ ಎಂಬದನ್ನು ತಿಳಿಯಲು ಯಾಕೋಬನ ಮನೆತನದ ಚರಿತ್ರೆಯು ನಮಗೆ ಸಹಾಯವಾಗಿರುವದು.

ಮೊದಲು ರೋಗವನ್ನು ನೋಡೋಣ. ಇಸಾಕನು ಏಸಾವನನ್ನೂ ರೆಬೆಕ್ಕಳು ಯಾಕೋಬನನ್ನೂ ಹೆಚ್ಚಾಗಿ ಪ್ರೀತಿಸಿದರು. ಈ ಪಕ್ಷಪಾತದಿಂದ ಮೋಸವು ಹುಟ್ಟಿತು. ಯಾಕೋಬನು ಅಣ್ಣನ ಬಟ್ಟೆಗಳನ್ನು ತೊಟ್ಟು, ಕೈಗಳಿಗೆ ಮೇಕೆಮರಿಗಳ ಚರ್ಮವನ್ನು ಸುತ್ತಿಕೊಂಡು, ಕಣ್ಣು ಮಬ್ಬಾದ ತಂದೆಯನ್ನು ವಂಚಿಸಿ ಆಶೀರ್ವಾದವನ್ನು ಪಡಕೊಂಡನು. ಬಳಿಕ ಸೋದರಮಾವನಾದ ಲಾಬಾನನು ರಾಹೇಲಳಿಗೆ ಬದಲಾಗಿ ಲೇಯಳನ್ನು ಕೊಟ್ಟು ಅವನನ್ನೇ ವಂಚಿಸಿದನು. ಇಷ್ಟು ನೊಂದರೂ ಯಾಕೋಬನು ಕಲಿಯಲಿಲ್ಲ. ರಾಹೇಲಳ ಮಗನಾದ ಯೋಸೇಫನನ್ನು ಮಿಕ್ಕ ಮಕ್ಕಳಿಗಿಂತ ಹೆಚ್ಚಾಗಿ ಪ್ರೀತಿಸಿ ಅವನಿಗೆ ವಿಶೇಷವಾದ ನಿಲುವಂಗಿಯನ್ನು ಮಾಡಿಸಿದನು. ಅಣ್ಣಂದಿರು 17 ವರುಷದ ಆ ಹುಡುಗನನ್ನು 20 ಬೆಳ್ಳಿಯ ತುಂಡುಗಳಿಗೆ ಮಾರಿ, ನಿಲುವಂಗಿಯನ್ನು ಮೇಕೆಯ ರಕ್ತದಲ್ಲಿ ಅದ್ದಿ ತಂದೆಗೆ ತೋರಿಸಿದರು. ಬಟ್ಟೆಯಿಂದಲೂ ಮೇಕೆಯಿಂದಲೂ ತಂದೆಯನ್ನು ವಂಚಿಸಿದವನು ಅವುಗಳಿಂದಲೇ ತನ್ನ ಮಕ್ಕಳಿಂದ ವಂಚಿತನಾದನು.

ಸುಮಾರು 22 ವರುಷಗಳಾದ ಮೇಲೆ, ಬರಗಾಲದಲ್ಲಿ ಧಾನ್ಯಕ್ಕಾಗಿ ಐಗುಪ್ತಕ್ಕೆ ಬಂದ ಅಣ್ಣಂದಿರು ಅಲ್ಲಿಯ ಅಧಿಪತಿಯು ಯೋಸೇಫನೇ ಎಂದು ಅರಿಯಲಿಲ್ಲ. ಅವನು ಊಟದಲ್ಲಿ ರಾಹೇಲಳ ಕಿರಿಯ ಮಗನಾದ ಬೆನ್ಯಾಮೀನನಿಗೆ ಮಿಕ್ಕವರಿಗಿಂತ ಐದರಷ್ಟು ಕೊಡಿಸಿದನು. ಬಳಿಕ ಅವನ ಚೀಲದಲ್ಲಿ ತನ್ನ ಬೆಳ್ಳಿಯ ಪಾನಪಾತ್ರೆಯನ್ನು ಇರಿಸಿ, ಅದು ಸಿಕ್ಕಿದಾಗ, ಇವನೊಬ್ಬನು ದಾಸನಾಗಲಿ, ಉಳಿದವರು ಹೋಗಬಹುದೆಂದು ಹೇಳಿದನು. ತಂದೆಯ ಮುದ್ದಿನ ಮಗನನ್ನು ಬಿಟ್ಟು ಮನೆಗೆ ಹೋಗುವ ಹಳೆಯ ಅವಕಾಶವೇ ತಿರಿಗಿ ಬಂದಿತು.

ಆಗ ಯೆಹೂದನು ಹತ್ತಿರ ಬಂದನು. ಯೋಸೇಫನನ್ನು ಮಾರೋಣವೆಂದು ಆಲೋಚನೆ ಹೇಳಿದವನು ಇವನೇ. ಗಂಡನ ಪ್ರೀತಿಯನ್ನು ಕಾಣದ ಲೇಯಳ ಮಗನು. ತಂದೆಯ ಪ್ರಾಣವು ಈ ಹುಡುಗನ ಪ್ರಾಣಕ್ಕೆ ಅಂಟಿಕೊಂಡಿರುವದೆಂದೂ, ಅವನಿಗೆ ಬದಲಾಗಿ ತಾನೇ ದಾಸನಾಗುವೆನೆಂದೂ ಬೇಡಿಕೊಂಡನು. ಇದನ್ನು ಕೇಳಿ ಯೋಸೇಫನು ಗಟ್ಟಿಯಾಗಿ ಅತ್ತು ತನ್ನನ್ನು ತೋರ್ಪಡಿಸಿಕೊಂಡನು.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸತಕ್ಕದ್ದು. ಮೊದಲನೆಯದು, ತಂದೆಯ ಪಕ್ಷಪಾತವು ಇನ್ನೂ ಹೋಗಿರಲಿಲ್ಲ. ತಂದೆಯು ನ್ಯಾಯವಂತನಾಗಲೆಂದು ಯೆಹೂದನು ಕಾದಿದ್ದರೆ ಆ ಗಾಯವು ವಾಸಿಯಾಗುತ್ತಿರಲಿಲ್ಲ. ಎರಡನೆಯದು, ಅವನ ಮಾರ್ಪಾಟು ತಪ್ಪಿನ ಒಪ್ಪಿಗೆಯಿಂದ ಆರಂಭವಾಯಿತೆಂದು ತೋರುವದು. 38ನೆಯ ಅಧ್ಯಾಯದಲ್ಲಿ ಸೊಸೆಯಾದ ತಾಮಾರಳು ಅವನ ಮುದ್ರೆಯನ್ನೂ ಕೋಲನ್ನೂ ಕಳುಹಿಸಿ, ಇವು ಯಾರವೆಂದು ಗುರುತಿಸಲು ಹೇಳಿದಾಗ, ತನಗಿಂತ ಅವಳೇ ನೀತಿವಂತಳೆಂದು ಅವನು ಒಪ್ಪಿಕೊಂಡನು. ರಕ್ತದ ಅಂಗಿಯನ್ನು ಗುರುತಿಸಲು ತಂದೆಗೆ ಹೇಳಿದವರಲ್ಲಿ ಅವನೂ ಒಬ್ಬನಾಗಿದ್ದನು. ಮೂರನೆಯದು, ಯೋಸೇಫನು ಕೇಡನ್ನು ಕೇಡೆಂದೇ ಹೇಳಿದನು. ಆದರೆ ದೇವರು ಅದನ್ನು ಮೇಲಿಗಾಗಿ ತಿರುಗಿಸಿದನೆಂದು ನಂಬಿ ಸೇಡನ್ನು ಬಿಟ್ಟನು.

ಈ ಪಾಠವನ್ನು ಕಲಿಸುತ್ತಿದ್ದ ನಾನೇ ಒಂದು ದಿನ ಲೆಕ್ಕ ತಪ್ಪಿದ ಹುಡುಗಿಯೊಬ್ಬಳನ್ನು ಅವಳ ಅಕ್ಕನಿಗೆ ಹೋಲಿಸಿ ಹೀಯಾಳಿಸಿದೆನು. ಬಾಲ್ಯದಲ್ಲಿ ನನ್ನನ್ನು ಬಹಳವಾಗಿ ನೋಯಿಸಿದ ಮಾತೇ ಅದಾಗಿತ್ತು. ಅವಳು ತಲೆ ತಗ್ಗಿಸಿದ್ದನ್ನು ಕಂಡಾಗ ನನಗೆ ಅರಿವಾಯಿತು. ಮರುದಿನ ತರಗತಿಯ ಎದುರಿನಲ್ಲಿಯೇ ಅವಳ ಕ್ಷಮೆಯನ್ನು ಬೇಡಿದೆನು. ಆ ಮಾತು ಅನಂತರವೂ ನಾಲಿಗೆಯ ತುದಿಗೆ ಬಂದದ್ದುಂಟು. ಆದರೆ ಈಗ ಅದರ ಗುರುತು ನನಗಿರುವದು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಹೆತ್ತವರೇ, ನಿಮ್ಮ ಮನೆಗಳಲ್ಲಿಯೂ ಹಳೆಯ ಘಳಿಗೆಯು ತಿರಿಗಿ ಬರುವದು. ಅದು ಬಂದಾಗ ಯೆಹೂದನಂತೆ ಒಂದು ಹೆಜ್ಜೆ ಮುಂದೆ ಬರುವ ಬಲವನ್ನು ದೇವರು ನಮಗೆಲ್ಲರಿಗೂ ದಯಪಾಲಿಸಲಿ.