ದೀಪದ ಬೇಟೆ

ಬೇಟೆ ಎಂಬುದು ನಮ್ಮ ನುಡಿಯಲ್ಲಿ ಬಹು ಹಳೆಯ ಮಾತು. ಹಳಗನ್ನಡದಲ್ಲಿ ಅದು ‘ಬೇಂಟೆ’. ಸೊನ್ನೆ ಬಿಟ್ಟು ‘ಬೇಟ’ ಎಂದು ಬರೆದರೆ ಪ್ರೇಮವೆಂದು ಅರ್ಥ. ಉತ್ತರಪತ್ರಿಕೆ ಬರೆಯುವವರು ಇದನ್ನು ನೆನಪಿನಲ್ಲಿಡಬೇಕು. ಸುಮಾರು ಕ್ರಿ.ಶ. 950ರ ಆತಕೂರು ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆಯಿದೆ. ಅದು ಕಾಡುಹಂದಿಯೊಡನೆ ಹೋರಾಡಿತು. ನಾಯಿಯೂ ಸತ್ತಿತು, ಹಂದಿಯೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಅಲ್ಲಿ ಹಂದಿಗೆ ತಿರುಗಿ ಬೀಳುವ ಅವಕಾಶವಾದರೂ ಇತ್ತು. ರಾತ್ರಿ ಜೀಪಿನಲ್ಲಿ ದೀಪ ಹಾಕಿ ಆಡುವ ಬೇಟೆಯಲ್ಲಿ ಅದೂ ಇಲ್ಲ.

ಆ ಬೇಟೆಯ ಕ್ರಮ ಹೀಗೆ. ಕಾಡಂಚಿನ ದಾರಿಯಲ್ಲಿ ಜೀಪು ನಿಧಾನವಾಗಿ ಸಾಗುತ್ತದೆ. ಒಬ್ಬನು ಓಡಿಸುತ್ತಾನೆ, ಒಬ್ಬನ ಕೈಯಲ್ಲಿ ಕೋವಿ, ಇನ್ನೊಬ್ಬನು ಹಿಂದೆ ನಿಂತು ದೊಡ್ಡ ದೀಪವನ್ನು ಅತ್ತಿತ್ತ ಆಡಿಸುತ್ತಾನೆ. ಎಲ್ಲೋ ಎರಡು ಕಣ್ಣು ಕೆಂಡದಂತೆ ಹೊಳೆಯುತ್ತವೆ. ಮೃಗ ಓಡದೆ ನಿಂತುಬಿಡುತ್ತದೆ.

ಏಕೆ ನಿಲ್ಲುತ್ತದೆ? ಜಿಂಕೆ, ಕಡವೆಗಳ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಒಂದು ಪದರವಿದೆ. ಟೇಪೀಟಮ್ ಎಂದು ಅದರ ಹೆಸರು. ಅಕ್ಷಿಪಟಲವನ್ನು ದಾಟಿ ಬಂದ ಬೆಳಕನ್ನು ಅದು ಹಿಂದಕ್ಕೆ ಕಳುಹಿಸುತ್ತದೆ. ಹೀಗೆ ನಕ್ಷತ್ರದ ಮಿಣುಕು ಬೆಳಕೂ ಎರಡು ಸಲ ಉಪಯೋಗಕ್ಕೆ ಬರುತ್ತದೆ. ಕತ್ತಲಲ್ಲಿ ಪಾಪೆ ಅಗಲವಾಗಿ ತೆರೆದಿರುವಾಗ ದೊಡ್ಡ ದೀಪ ಬಿದ್ದರೆ ಕಣ್ಣಿನ ದಂಡಕೋಶಗಳ ಬಣ್ಣವಸ್ತು ಕರಗಿಹೋಗಿ, ಮೃಗಕ್ಕೆ ಬೆಳಕಿನ ಹಿಂದೆ ಏನಿದೆಯೆಂದೇ ಕಾಣದು. ನಮ್ಮ ಕಣ್ಣಿಗೂ ಹೀಗೆಯೇ: ಬೆಳಕಿನಿಂದ ಕತ್ತಲಿಗೆ ಬಂದರೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಗೂ ಮೇಲೆ ಬೇಕು. ಕಾಡಿನಲ್ಲಿ ಬದುಕಿಸಿದ ಕಣ್ಣೇ ದೀಪದೆದುರು ಮೃಗವನ್ನು ಹಿಡಿದುಕೊಡುತ್ತದೆ.

ಈ ಪದರ ನಮ್ಮ ಹಸು, ಆಡು, ನಾಯಿಗಳಿಗೂ ಇದೆ. ದೂರದಲ್ಲಿ ಹೊಳೆದದ್ದು ಕಡವೆಯೋ, ಕಣ್ಣಿ ಬಿಚ್ಚಿಕೊಂಡು ಹೋದ ಕರುವೋ? ಗಬ್ಬದ ಜಿಂಕೆಯೋ? ದೀಪ ಹೇಳದು. ಮನುಷ್ಯನಿಗಂತೂ ಈ ಪದರವಿಲ್ಲ. ಆನೆ ಕಾವಲಿಗೆಂದು ಅಟ್ಟಣೆಯಲ್ಲಿ ಮಲಗಿದ ರೈತನು ಗುಂಡಿನ ದಾರಿಯಲ್ಲಿದ್ದರೂ ಅವನ ಕಣ್ಣು ಹಾಗೆ ಹೊಳೆಯುವುದಿಲ್ಲ.

ಈ ಬೇಟೆಯಿಂದ ದೇಶಕ್ಕಾದ ನಷ್ಟಕ್ಕೆ ಒಂದು ನಿದರ್ಶನ ಸಾಕು. ಈಗಿನ ಛತ್ತೀಸಗಢಕ್ಕೆ ಸೇರಿದ ಕೊರಿಯಾ ಸಂಸ್ಥಾನದ ರಾಜರು 1947ರಲ್ಲಿ ರಾತ್ರಿ ವಾಹನದಲ್ಲಿ ಹೋಗುತ್ತಿರುವಾಗ ದೀಪದ ಬೆಳಕಿನಲ್ಲಿ ಮೂರು ಗಂಡು ಚೀತಾಗಳನ್ನು ಹೊಡೆದರು. ಮೂರೂ ಒಂದೆಡೆ ಕುಳಿತಿದ್ದವು. ಎರಡನೆಯ ಗುಂಡು ಒಂದನ್ನು ತೂರಿ ಹಿಂದಿದ್ದ ಇನ್ನೊಂದನ್ನೂ ಕೊಂದಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಈ ವರದಿ ಬಂದಾಗ ಸಂಪಾದಕರಿಗೆ ಅದನ್ನು ಕಸದ ಬುಟ್ಟಿಗೆ ಹಾಕಬೇಕೆನಿಸಿತಂತೆ. ಕೊನೆಗೆ ದೋಷಾರೋಪಣೆಯ ರೀತಿಯಲ್ಲಿ ಅಚ್ಚು ಮಾಡಿದರು. ನಮ್ಮ ಹಿರಿಯರು ಸಿವಂಗಿ ಎನ್ನುತ್ತಿದ್ದ ಈ ಪ್ರಾಣಿ ಭಾರತದಲ್ಲಿ ನಶಿಸಿತೆಂದು 1952ರಲ್ಲಿ ಸಾರಲಾಯಿತು. ಮರಳಿ ತರಲು 2022ರವರೆಗೆ ಕಾಯಬೇಕಾಯಿತು, ಅದೂ ಆಫ್ರಿಕದ ನಮೀಬಿಯದಿಂದ.

ನಮ್ಮ ತಾಳವಾಡಿ ಸೀಮೆಯ ಸುತ್ತಲ ಕಾಡು 2013ರಿಂದ ಸತ್ಯಮಂಗಲ ಹುಲಿ ರಕ್ಷಿತಾರಣ್ಯಕ್ಕೆ ಸೇರಿದೆ. ಮೋಯಾರು ಕಣಿವೆಯಲ್ಲಿ ಇಂದಿಗೂ ಕೃಷ್ಣಮೃಗಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ವಾಹನದಿಂದ ಆಡುವ ಬೇಟೆಯನ್ನೂ ರಾತ್ರಿಬೇಟೆಯನ್ನೂ ಹೆಸರಿಸಿಯೇ ನಿಷೇಧಿಸಿತ್ತು. 1991ರ ತಿದ್ದುಪಡಿಯಿಂದ ಲೈಸೆನ್ಸು ಪಡೆದು ಆಡುವ ಬೇಟೆಯೇ ನಿಂತುಹೋಯಿತು. ಕೃಷ್ಣಮೃಗವನ್ನು ಕೊಂದರೆ 3ರಿಂದ 7 ವರ್ಷ ಸೆರೆವಾಸ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಅಪರಾಧಕ್ಕೆ ಬಳಸಿ ಸಿಕ್ಕಿಬಿದ್ದ ವಾಹನ ಸರ್ಕಾರದ ಸ್ವತ್ತಾಗುತ್ತದೆ.

ತಂದೆತಾಯಿಗಳು ಇನ್ನೊಂದು ವಿಷಯ ತಿಳಿದಿರಬೇಕು. ಹೊರಗಿನಿಂದ ಜೀಪು ತರುವವರಿಗೆ ದಾರಿ ಗೊತ್ತಿರುವುದಿಲ್ಲ. ದಾರಿ ಬಲ್ಲ ಹುಡುಗ ಬೇಕು. “ಕೋವಿ ಮುಟ್ಟಬೇಡಪ್ಪ, ಸುಮ್ನೆ ಬ್ಯಾಟರಿ ಹಿಡ್ಕೊ ಸಾಕು” ಎಂದು ಕರೆಯುತ್ತಾರೆ. ಅದೇ ಕಾಯಿದೆಯ 52ನೆಯ ಕಲಮಿನ ಪ್ರಕಾರ ನೆರವಾದವನೂ ಅಪರಾಧ ಮಾಡಿದವನೇ. ಬ್ಯಾಟರಿ ಹಿಡಿದವನ ಹೆಸರೂ ಕೋವಿ ಹಿಡಿದವನ ಹೆಸರಿನ ಜೊತೆಗೇ ಮೊಕದ್ದಮೆಯಲ್ಲಿ ಬರುತ್ತದೆ.