ಉಕ್ಕಿನ ಹದ ಮತ್ತು ಲೋಹವಿದ್ಯೆಯ ಶಿಕ್ಷಣ

ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುತ್ತಲೇ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ 'ಮುಂದೇನು?' ಎಂಬುದು. ಡಾಕ್ಟರು, ಅಧ್ಯಾಪಕರು, ಬ್ಯಾಂಕಿನ ಉದ್ಯೋಗಿ, ಇಷ್ಟರಲ್ಲಿ ನಮ್ಮ ಎಣಿಕೆ ಮುಗಿಯುತ್ತದೆ. ಲೋಹವನ್ನು ಕರಗಿಸುವ, ಬಡಿಯುವ, ಬೆಸೆಯುವ, ಹದಗೊಳಿಸುವ ವಿದ್ಯೆಯನ್ನು ಕ್ರಮವಾಗಿ ಕಲಿತು ಜೀವನ ನಡೆಸಬಹುದೆಂಬುದು ಹೆಚ್ಚಿನ ಹೆತ್ತವರ ಗಮನಕ್ಕೆ ಬರುವುದಿಲ್ಲ. ಬಂದರೂ, 'ಇಷ್ಟು ಓದಿಸಿದ್ದು ಮಸಿ ಹಿಡಿಯುವ ಕೆಲಸಕ್ಕೆಯೇ?' ಎಂದು ಕೇಳುವವರುಂಟು. ಆ ಮಸಿಯ ಹಿಂದೆ ಎಷ್ಟು ವಿಜ್ಞಾನವಿದೆಯೆಂದು ಈಗ ನೋಡೋಣ.

ನಮ್ಮ ಕಾಸರಗೋಡಿನ ಕಡೆ ಕತ್ತಿ, ಮೆಟ್ಟುಕತ್ತಿ ಇಲ್ಲದ ತೋಟದ ಮನೆಯಿಲ್ಲ. ಊರಿನ ಕಮ್ಮಾರರು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಹುಡುಕಿ ತಂದು ಕತ್ತಿ ಮಾಡುವುದನ್ನು ನೀವು ಕಂಡಿರಬಹುದು. ಮನೆ ಕಟ್ಟುವ ಕಬ್ಬಿಣದ ಸರಳು ಏಕಾಗದು? ಸರಳಿನಲ್ಲಿ ಕಾರ್ಬನ್ ಶೇಕಡಾ 0.25ರ ಆಸುಪಾಸು ಮಾತ್ರ. ಸ್ಪ್ರಿಂಗ್ ಪಟ್ಟಿಯಲ್ಲಿ ಶೇಕಡಾ 0.5ರಿಂದ 0.6ರವರೆಗೆ ಇರುತ್ತದೆ. ವ್ಯತ್ಯಾಸ ಅತ್ಯಲ್ಪ. ಆದರೆ ಕತ್ತಿ ಹರಿತವಾಗಿ ನಿಲ್ಲುವುದೂ ಬಾಗುವುದೂ ಅದರಿಂದಲೇ.

ಉಕ್ಕನ್ನು ಕುಲುಮೆಯಲ್ಲಿ 727 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕೆಂಪಗೆ ಕಾಯಿಸಿದಾಗ ಅದರ ಪರಮಾಣುಗಳ ಜೋಡಣೆಯೇ ಬದಲಾಗುತ್ತದೆ. ಈ ಹೊಸ ಜೋಡಣೆಯಲ್ಲಿ, ಚಹಾದಲ್ಲಿ ಸಕ್ಕರೆ ಕರಗುವಂತೆ, ಕಾರ್ಬನ್ ಕರಗುತ್ತದೆ. ನಿಧಾನವಾಗಿ ಆರಲು ಬಿಟ್ಟರೆ ಕಾರ್ಬನ್ ಮತ್ತೆ ಹೊರಬಂದು ಬೇರೆಯಾಗಿ ಕೂರುತ್ತದೆ, ಉಕ್ಕು ಮೆದುವಾಗುತ್ತದೆ. ಫಕ್ಕನೆ ನೀರಿಗೆ ಅದ್ದಿದರೋ, ಹೊರಬರಲು ಹೊತ್ತು ಸಾಲದೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಆ ಬಿಗಿತದಿಂದಲೇ ಉಕ್ಕಿಗೆ ಗಡಸು ಬರುವುದು. ಈ ಸ್ಥಿತಿಗೆ ಜರ್ಮನಿಯ ಆಡಾಲ್ಫ್ ಮಾರ್ಟೆನ್ಸ್ ಎಂಬವರ ಹೆಸರಿನಿಂದ ಮಾರ್ಟೆನ್ಸೈಟ್ ಎನ್ನುತ್ತಾರೆ.

ಆದರೆ ಇಷ್ಟಕ್ಕೇ ಬಿಟ್ಟ ಕತ್ತಿ ಗಾಜಿನಂತೆ ಮುರಿಯುವುದು. ಆದ್ದರಿಂದ ಕಮ್ಮಾರರು ಅದನ್ನು ಮತ್ತೆ ಮೆಲ್ಲಗೆ ಕಾಯಿಸುತ್ತಾರೆ. ಉಜ್ಜಿ ಹೊಳಪು ತಂದ ಅಂಚಿನಲ್ಲಿ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ ಮೂಡುತ್ತವೆ. ಹುಲ್ಲಿನ ಬಣ್ಣಕ್ಕೆ ಸುಮಾರು 220 ಡಿಗ್ರಿ, ನೀಲಿಗೆ ಸುಮಾರು 300 ಡಿಗ್ರಿ. ಮೇಲ್ಮೈಯ ಆಕ್ಸೈಡ್ ಪೊರೆ ದಪ್ಪವಾದಂತೆಲ್ಲ ಬಣ್ಣ ಬದಲುವುದು. ಉಷ್ಣಮಾಪಕವಿಲ್ಲದೆ ಕಣ್ಣಿನಿಂದಲೇ ಅಳೆಯುವ ಈ ಜಾಣ್ಮೆಗೆ ನಾವು ಸಲ್ಲಿಸಬೇಕಾದ ಗೌರವ ಸಲ್ಲಿಸಿಲ್ಲ.

ಇದನ್ನು ನಮ್ಮ ಪ್ರಯೋಗಶಾಲೆಯಲ್ಲಿ, ಅಧ್ಯಾಪಕರ ಎದುರಿನಲ್ಲಿ, ಕಣ್ಣಿಗೆ ಕನ್ನಡಕ ಧರಿಸಿ ಮಾಡಿ ನೋಡಬಹುದು. ಮೂರು ಹೊಲಿಗೆ ಸೂಜಿಗಳನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಬರ್ನರಿನಲ್ಲಿ ಕೆಂಪಗೆ ಕಾಯಿಸಿರಿ. ಒಂದನ್ನು ಉರಿಯಿಂದ ಮೆಲ್ಲಮೆಲ್ಲನೆ ಮೇಲೆತ್ತಿ ಆರಿಸಿರಿ. ಅದು ತಂತಿಯಂತೆ ಬಾಗುತ್ತದೆ. ಇನ್ನೆರಡನ್ನು ನೀರಿಗೆ ಅದ್ದಿರಿ. ಅವುಗಳಲ್ಲಿ ಒಂದನ್ನು ಬಾಗಿಸಹೊರಟರೆ ಪಟ್ಟನೆ ಮುರಿಯುತ್ತದೆ. ಉಳಿದುದನ್ನು ಉಜ್ಜಿ, ನೀಲಿ ಬರುವ ತನಕ ಮೆಲ್ಲಗೆ ಕಾಯಿಸಿದರೆ ಬಾಗಿ, ಬಿಟ್ಟೊಡನೆ ಮೊದಲಿನಂತಾಗುತ್ತದೆ. ಉಕ್ಕು ಒಂದೇ, ಗುಣ ಮೂರು!

ಗಡಸು ಬೇರೆ, ತಾಳಿಕೆ ಬೇರೆ ಎಂಬುದನ್ನು ಮರೆತರೆ ಏನಾಗುವುದು? 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ದಕ್ಕೆಗೆ ಕಟ್ಟಿ ನಿಲ್ಲಿಸಿದ್ದ 'ಸ್ಕೆನೆಕ್ಟಡಿ' ಎಂಬ ಹೊಸ ತೈಲ ಹಡಗು, ಬಿರುಗಾಳಿಯಿಲ್ಲದೆ, ಶತ್ರುವಿನ ಪೆಟ್ಟಿಲ್ಲದೆ, ನಡುವಿನಲ್ಲಿ ಹೆಚ್ಚುಕಡಿಮೆ ಎರಡು ತುಂಡಾಯಿತು. ಚಳಿಯಲ್ಲಿ ಭಿದುರವಾಗುವ ಉಕ್ಕು, ಅದಕ್ಕೆ ದೋಷದ ಬೆಸುಗೆ! ಹಲಗೆಗಳನ್ನು ರಿವೆಟ್ ಹೊಡೆದು ಜೋಡಿಸಿದ ಹಡಗಿನಲ್ಲಿ ಬಿರುಕು ಒಂದು ಹಲಗೆಯ ಅಂಚಿಗೆ ನಿಲ್ಲಬಹುದಿತ್ತು. ಬೆಸೆದ ಹಡಗಿನಲ್ಲಿ ಅದನ್ನು ತಡೆಯುವವರಿಲ್ಲ. ವೆಲ್ಡರನ ಕೈ ಸ್ವಲ್ಪ ತಪ್ಪಿದರೆ ಎಷ್ಟು ಜೀವಗಳಿಗೆ ಅಪಾಯವೆಂಬುದನ್ನು ಇದರಿಂದ ತಿಳಿಯಬಹುದು.

ಆದುದರಿಂದಲೇ ತರಬೇತಿ ಬೇಕು. ಲೋಹವಿದ್ಯೆಯ ವಿದ್ಯಾರ್ಥಿ ಮೊದಲು ಕಲಿಯುವುದು ತಾಳ್ಮೆ. ಉಕ್ಕಿನ ತುಣುಕನ್ನು ಒಂದಕ್ಕಿಂತ ಒಂದು ನಯವಾದ ಉಜ್ಜುಕಾಗದಗಳ ಮೇಲೆ, ಕಾಗದ ಬದಲಿಸಿದಾಗಲೆಲ್ಲ ಅಡ್ಡಕ್ಕೆ ತಿರುಗಿಸಿ ಉಜ್ಜಬೇಕು. ಕನ್ನಡಿಯಂತಾದ ಮೇಲೆ ಆಲ್ಕೋಹಾಲಿನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲವನ್ನು ಕೆಲವು ಕ್ಷಣ ಸೋಕಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಗದ್ದೆಯ ಹುಣಿಗಳಂತೆ ಲೋಹದ ಕಣಗಳ ಗಡಿಗಳು ಕಾಣುತ್ತವೆ. ಚಾರ್ಪಿ ಪರೀಕ್ಷೆಯಲ್ಲಿ 10 ಮಿಲ್ಲಿಮೀಟರ್ ಚೌಕದ, ಕಚ್ಚು ಹಾಕಿದ ಸರಳನ್ನು ತೂಗುಸುತ್ತಿಗೆಯಿಂದ ಹೊಡೆದು ಮುರಿದು, ಎಷ್ಟು ಶಕ್ತಿ ಬೇಕಾಯಿತೆಂದು ಅಳೆಯುತ್ತಾರೆ. ಎರಕದ ಶಾಲೆಯ ಮೊದಲ ಪಾಠವಂತೂ ಎಚ್ಚರಿಕೆಯದು: ಕರಗಿದ ಲೋಹಕ್ಕೆ ಒದ್ದೆ ವಸ್ತು ತಗಲಿದರೆ ನೀರು ಕ್ಷಣದಲ್ಲಿ ಆವಿಯಾಗಿ ಲೋಹವೇ ಸಿಡಿಯುತ್ತದೆ.

ಇದು ನಮ್ಮ ನಾಡಿಗೆ ಪರಕೀಯ ವಿದ್ಯೆಯಲ್ಲ. ದಕ್ಷಿಣ ಭಾರತದ ಹೆಸರಾಂತ ಉಕ್ಕನ್ನು ಯುರೋಪಿನವರು 'ವೂಟ್ಸ್' ಎಂದರು. ಆ ಹೆಸರು ನಮ್ಮ 'ಉಕ್ಕು' ಶಬ್ದದಿಂದ ಬಂದುದೆಂದು ಅನೇಕ ವಿದ್ವಾಂಸರ ಮತ. 1819ರಲ್ಲಿ ಅದನ್ನು ಪರೀಕ್ಷಿಸಿ ಬರೆದವರಲ್ಲಿ ಮೈಕೆಲ್ ಫ್ಯಾರಡೆಯೂ ಒಬ್ಬರು. ವಿದ್ಯುತ್ತಿನ ಪಾಠದಲ್ಲಿ ನೀವು ಓದುವ ಆ ಫ್ಯಾರಡೆಯ ತಂದೆ ಕಮ್ಮಾರರಾಗಿದ್ದರು.

ಕನ್ನಡ ಮಾಧ್ಯಮದ ಮಕ್ಕಳಿಗೆ ಭಾಷೆಯ ಅಂಜಿಕೆ ಇರುವುದು ಸಹಜ. ಹೊಸ ಶಬ್ದಗಳು ಇಂಗ್ಲಿಷಿನವು, ಪಕ್ಕದಲ್ಲಿ ಕೂತವರ ಮಾತು ಮಲಯಾಳ. ಒಂದು ಪುಸ್ತಕದಲ್ಲಿ ಪ್ರತಿ ಶಬ್ದದೆದುರು ಅದರ ಅರ್ಥವನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿರಿ. ಸೂಜಿ ಮುರಿದದ್ದನ್ನು ಕಣ್ಣಾರೆ ಕಂಡವರಿಗೆ 'ಬ್ರಿಟಲ್' ಎಂಬ ಶಬ್ದ ಹೊರೆಯಾಗದು. ನಮ್ಮ ಅಭಿಪ್ರಾಯದಲ್ಲಿ ಭಾಷೆಗಿಂತ ಹೆಚ್ಚು ತೊಡಕಾಗುವುದು ಗಣಿತ, ಅದರಲ್ಲೂ ದಶಮಾಂಶ ಮತ್ತು ತ್ರಿಕೋನಮಿತಿ.

ದಾರಿಗಳು ಹಲವು. ಐ.ಟಿ.ಐ.ಯಲ್ಲಿ ವೆಲ್ಡರ್ ತರಬೇತಿ ಒಂದು ವರ್ಷ, ಫಿಟ್ಟರ್ ಮತ್ತು ಟರ್ನರ್ ಎರಡು ವರ್ಷ. ಬಳಿಕ 1961ರ ಅಪ್ರೆಂಟಿಸ್ ಕಾಯಿದೆಯಂತೆ ಕಾರ್ಖಾನೆಯಲ್ಲಿ ಭತ್ತೆ ಪಡೆಯುತ್ತಲೇ ಕಲಿಯಬಹುದು. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. ಪ್ಲಸ್ ಟು ವಿಜ್ಞಾನ ಓದಿದವರಿಗೆ, ಮಂಗಳೂರು ದಾಟಿದರೆ ಸಿಗುವ ಸುರತ್ಕಲ್ಲಿನಲ್ಲಿ, 1960ರಲ್ಲಿ ಆರಂಭವಾಗಿ 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾದ ಕಾಲೇಜಿನಲ್ಲಿ ಲೋಹ ಮತ್ತು ವಸ್ತು ಎಂಜಿನಿಯರಿಂಗಿನ ವಿಭಾಗವೇ ಇದೆ. ಹತ್ತನೆಯದಾದ ಕೂಡಲೇ ಡಿಪ್ಲೊಮಾಕ್ಕೆ ಹೋದವರಿಗೂ ಮುಂದಿನ ಬಾಗಿಲು ಮುಚ್ಚಿಲ್ಲ. ಒಳ್ಳೆಯ ಅಂಕ ಬಂದರೆ ಅನೇಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರಬಹುದು. ಇವೆಲ್ಲ ಹುಡುಗರಿಗೆ ಮಾತ್ರವೆಂದು ಯಾವ ನಿಯಮದಲ್ಲಿಯೂ ಇಲ್ಲ.