ಉಸಿರಿನೊಳಗಿನ ಕಿಡಿ

ಮಳೆಗಾಲ ಕಳೆದ ಮೇಲೆ ಗೌರಿಬಿದನೂರು ಸೀಮೆಯ ರೈತನು ಮೂಲೆಯಲ್ಲಿಟ್ಟಿದ್ದ ಕುಡುಗೋಲನ್ನು ಹೊರತೆಗೆದಾಗ ಅದರ ಅಲಗಿಗೆ ಕೆಂಪು ತುಕ್ಕು ಹಿಡಿದಿರುತ್ತದೆ. ಅಡುಗೆಮನೆಯಲ್ಲಿ ಹೆಚ್ಚಿದ ಬದನೆಕಾಯಿಯ ಹೋಳುಗಳನ್ನು ಒಡನೆಯೇ ನೀರಿಗೆ ಹಾಕದಿದ್ದರೆ ಅವು ಕಂದುಬಣ್ಣಕ್ಕೆ ತಿರುಗುತ್ತವೆ. ಬಹುಕಾಲ ಇಟ್ಟ ಕಡಲೆಕಾಯಿ ಎಣ್ಣೆ ಕಮಟು ವಾಸನೆ ಬೀರುತ್ತದೆ. ಈ ಮೂರಕ್ಕೂ ಪರಸ್ಪರ ಸಂಬಂಧವಿಲ್ಲವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಮೂರರಲ್ಲಿಯೂ ಇರುವುದು ಒಂದೇ ವಸ್ತುವಿನ ಕೈವಾಡ. ಆ ವಸ್ತು ಬೇರಾವುದೂ ಅಲ್ಲ, ಜನರು ಪ್ರಾಣವಾಯುವೆಂದು ಗೌರವದಿಂದ ಕರೆಯುವ ಆಮ್ಲಜನಕ.

ಒಂದು ವಸ್ತು ತನ್ನ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವುದಕ್ಕೆ ಉತ್ಕರ್ಷಣವೆಂದೂ, ಮತ್ತೊಂದು ವಸ್ತು ಅವನ್ನು ಪಡೆದುಕೊಳ್ಳುವುದಕ್ಕೆ ಅಪಕರ್ಷಣವೆಂದೂ ಹೆಸರು. ಇವೆರಡೂ ಸಂತೆಯ ಕೊಡುಕೊಳ್ಳುವಿಕೆಯಂತೆ ಜೊತೆಯಲ್ಲಿಯೇ ನಡೆಯಬೇಕು. ಈ ವ್ಯಾಪಾರದಲ್ಲಿ ಆಮ್ಲಜನಕದಷ್ಟು ಹಸಿದ ಗಿರಾಕಿಗಳು ವಿರಳ.

1774ರಲ್ಲಿ ಈ ಅನಿಲವನ್ನು ಬೇರ್ಪಡಿಸಿದ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿಯು ಅದರಲ್ಲಿ ಮೇಣದ ಬತ್ತಿಯು ಉಜ್ಜ್ವಲವಾಗಿ ಉರಿಯುವುದನ್ನು ಕಂಡನು. ತಾನೂ ಅದನ್ನು ಉಸಿರಾಡಿ ಎದೆ ಹಗುರಾದಂತೆ ಅನುಭವಿಸಿದನು. ಆದರೂ ಅವನ ಮನಸ್ಸಿನಲ್ಲಿ ಒಂದು ಸಂಶಯ ಮೂಡಿತು. ಈ ಗಾಳಿಯಲ್ಲಿ ಬತ್ತಿಯು ಬೇಗ ಉರಿದು ಮುಗಿಯುವಂತೆ, ಇದನ್ನೇ ಸದಾ ಉಸಿರಾಡುವ ಪ್ರಾಣಿಯ ಆಯುಸ್ಸೂ ಬೇಗ ಉರಿದುಹೋಗಬಹುದಲ್ಲವೇ ಎಂದು ಅವನು ಬರೆದಿಟ್ಟನು. ಆ ಸಂಶಯದ ಬೆಲೆ ಲೋಕಕ್ಕೆ ತಿಳಿಯಲು ಸುಮಾರು ಇನ್ನೂರು ವರ್ಷಗಳು ಬೇಕಾದವು.

ಮನುಷ್ಯನು ಉಣ್ಣುವ ಮುದ್ದೆಯೂ ಸಾರೂ ಕೊನೆಗೆ ಜೀವಕೋಶಗಳಲ್ಲಿರುವ ಮೈಟೊಕಾಂಡ್ರಿಯವೆಂಬ ಸೂಕ್ಷ್ಮ ಒಲೆಗಳನ್ನು ಸೇರುತ್ತವೆ. ಅಲ್ಲಿ ಆಹಾರದ ಎಲೆಕ್ಟ್ರಾನುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಶಕ್ತಿಯನ್ನು ಕೊಟ್ಟು, ಕಡೆಯಲ್ಲಿ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಯಾವ ಒಲೆಯೂ ಕಿಡಿ ಹಾರದೆ ಉರಿಯುವುದಿಲ್ಲ. ಕೆಲವು ಎಲೆಕ್ಟ್ರಾನುಗಳು ದಾರಿಯಲ್ಲಿಯೇ ಜಾರಿ ಆಮ್ಲಜನಕಕ್ಕೆ ಅಂಟಿಕೊಂಡಾಗ ಸೂಪರಾಕ್ಸೈಡ್ ಎಂಬ ಕಣ ಹುಟ್ಟುತ್ತದೆ. ಅದರಿಂದ ಹೈಡ್ರೊಜನ್ ಪೆರಾಕ್ಸೈಡೂ, ಕಬ್ಬಿಣದ ಸಂಪರ್ಕ ದೊರೆತರೆ ಇನ್ನೂ ಉಗ್ರವಾದ ಕಣಗಳೂ ಹುಟ್ಟುತ್ತವೆ. ಇವು ಕೋಶದ ಕೊಬ್ಬನ್ನೂ ಪ್ರೋಟೀನನ್ನೂ ವಂಶವಾಹಿಯನ್ನೂ ಕಚ್ಚಬಲ್ಲವು. ಎಣ್ಣೆ ಕಮಟುವುದೂ ಕೋಶದ ಪೊರೆ ಕೆಡುವುದೂ ಮೂಲದಲ್ಲಿ ಒಂದೇ ಜಾತಿಯ ಕ್ರಿಯೆಗಳು.

ದೇಹವು ಈ ಕಿಡಿಗಳಿಗೆ ಕಾವಲನ್ನೂ ಇಟ್ಟಿದೆ. 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ ಎಂಬುವರು ಸೂಪರಾಕ್ಸೈಡನ್ನು ನಿವಾರಿಸುವುದೇ ಕೆಲಸವಾದ ಕಿಣ್ವವೊಂದನ್ನು ಗುರುತಿಸಿದರು. ಕೆಟಲೇಸ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳು ಪೆರಾಕ್ಸೈಡನ್ನು ನೀರಾಗಿಸುತ್ತವೆ. ಕಾವಲಿಗಿಂತ ಕಿಡಿಗಳು ಹೆಚ್ಚಾದ ಸ್ಥಿತಿಯೇ ಉತ್ಕರ್ಷಣದ ಒತ್ತಡ. ಸಕ್ಕರೆ ಕಾಯಿಲೆ, ರಕ್ತನಾಳಗಳ ಪೆಡಸುತನ, ಪಾರ್ಕಿನ್ಸನ್ ರೋಗ, ಕಣ್ಣಿನ ಪೊರೆ ಇವುಗಳಲ್ಲೆಲ್ಲ ಅದರ ಗುರುತುಗಳು ಕಂಡುಬಂದಿವೆ. ಅದೇ ಎಲ್ಲಕ್ಕೂ ಮೂಲವೆಂದು ಹೇಳಲಾಗದು. ಮನೆ ಸುಟ್ಟಲ್ಲಿ ಬೂದಿ ಇರುವುದೇನೋ ನಿಜ, ಆದರೆ ಬೂದಿಯೇ ಬೆಂಕಿ ಹಚ್ಚಿತೆನ್ನಲಾದೀತೆ?

ಈ ಕಿಡಿಗಳು ಬರಿಯ ಶತ್ರುಗಳೂ ಅಲ್ಲ. ರೋಗಾಣುವನ್ನು ನುಂಗಿದ ಬಿಳಿಯ ರಕ್ತಕಣವು ಅದನ್ನು ಕೊಲ್ಲಲು ತಾನೇ ಸೂಪರಾಕ್ಸೈಡನ್ನು ಉತ್ಪಾದಿಸುತ್ತದೆ. ಹುಟ್ಟಿನಿಂದಲೇ ಈ ಸಾಮರ್ಥ್ಯವಿಲ್ಲದ ಮಕ್ಕಳು ಮತ್ತೆ ಮತ್ತೆ ಸೋಂಕಿಗೆ ತುತ್ತಾಗುತ್ತಾರೆ. ಕೊರಳಿನ ಥೈರಾಯಿಡ್ ಗ್ರಂಥಿಯು ತನ್ನ ರಸವನ್ನು ತಯಾರಿಸಲು ಪೆರಾಕ್ಸೈಡ್ ಅವಶ್ಯ.

ಇಷ್ಟಾದರೂ, ಕಿಡಿಗಳನ್ನು ಆರಿಸುವ ಮಾತ್ರೆಗಳೆಂದು ಉತ್ಕರ್ಷಣ ನಿರೋಧಕಗಳು ಅಂಗಡಿಗಳಲ್ಲಿ ಮಾರಾಟವಾಗುತ್ತಿವೆ. ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲ 1994ರಲ್ಲಿ ಪ್ರಕಟವಾಯಿತು. ಬೀಟಾ ಕೆರೋಟಿನ್ ಮಾತ್ರೆಯನ್ನು ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಮೆಯಾಗುವ ಬದಲು ನೂರಕ್ಕೆ 18ರಷ್ಟು ಹೆಚ್ಚಾಗಿತ್ತು. ಇಂಥದೇ ಫಲವನ್ನು ಕಂಡು ಅಮೆರಿಕದ ಇನ್ನೊಂದು ಪರೀಕ್ಷೆಯನ್ನು 1996ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಜೀವನವಿಡೀ ಬೋಧಿಸಿದ ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ್ದು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಅವರ ಪ್ರಶ್ನೆಗಳು ಪವಾಡಗಳಿಗಷ್ಟೇ ಅಲ್ಲ, ಔಷಧದ ಸೀಸೆಗಳಿಗೂ ಸಲ್ಲುತ್ತವೆ. ರಾಗಿಯ ಹೊಟ್ಟಿನಲ್ಲಿಯೂ ನಂದಿ ತಪ್ಪಲಿನ ಕಪ್ಪು ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಇಂಥ ನಿರೋಧಕಗಳು ಧಾರಾಳವಾಗಿವೆ. ಆದರೆ ಊಟದಲ್ಲಿ ಹಿತವಾದದ್ದು ಮಾತ್ರೆಯಲ್ಲಿಯೂ ಹಿತವೆಂಬುದಕ್ಕೆ ಆಧಾರ ಸಾಲದು.

ಈ ಸಮತೋಲವು ಎಷ್ಟು ನವುರಾದುದೆಂಬುದು ದಿನ ತುಂಬದೆ ಹುಟ್ಟಿದ ಕೂಸುಗಳ ವಿಷಯದಲ್ಲಿ ಲೋಕಕ್ಕೆ ಬಹು ದುಬಾರಿಯಾಗಿ ತಿಳಿಯಿತು. 1942ರಲ್ಲಿ ಬಾಸ್ಟನ್ನಿನ ನೇತ್ರವೈದ್ಯ ಟೆರಿಯು ಇಂಥ ಮಕ್ಕಳಲ್ಲಿ ಹೊಸ ಬಗೆಯ ಕುರುಡನ್ನು ವರ್ಣಿಸಿದನು. ವಿಚಿತ್ರವೆಂದರೆ, ಆ ಕುರುಡು ಬಡ ದೇಶಗಳಲ್ಲಿರಲಿಲ್ಲ. ಉತ್ತಮ ಯಂತ್ರಗಳಿದ್ದ ಆಸ್ಪತ್ರೆಗಳಲ್ಲಿಯೇ ಹೆಚ್ಚಾಗಿತ್ತು. ಅಲ್ಲಿ ಉಸಿರಾಡಲು ಕಷ್ಟಪಡುವ ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ ವಾರಗಟ್ಟಲೆ ಆಮ್ಲಜನಕವನ್ನು ಧಾರಾಳವಾಗಿ ಹರಿಸುತ್ತಿದ್ದರು. 1951ರಲ್ಲಿ ಮೆಲ್ಬರ್ನಿನ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಈ ಔದಾರ್ಯವನ್ನೇ ಸಂಶಯಿಸಿದಳು. ಅಮೆರಿಕದ 18 ಆಸ್ಪತ್ರೆಗಳಲ್ಲಿ ನಡೆದ ಪರೀಕ್ಷೆಯು ಆಕೆಯ ಸಂಶಯವನ್ನು ದೃಢಪಡಿಸಿತು. ಅಷ್ಟರಲ್ಲಿ ಸುಮಾರು 10,000 ಮಕ್ಕಳು ದೃಷ್ಟಿ ಕಳೆದುಕೊಂಡಿದ್ದರೆಂದು ಅಂದಾಜು.

ಕೂಸಿನ ಅಕ್ಷಿಪಟದ ರಕ್ತನಾಳಗಳು ಗರ್ಭದ ಕೊನೆಯ ವಾರಗಳಲ್ಲಿ ಬೆಳೆದು ಪೂರ್ಣವಾಗುತ್ತವೆ. ಕಿಡಿಗಳನ್ನು ಆರಿಸುವ ಕಿಣ್ವಗಳು ಬಲಗೊಳ್ಳುವುದೂ ಅದೇ ವಾರಗಳಲ್ಲಿ. ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ ಇವೆರಡೂ ಅಪೂರ್ಣ. ಆಮ್ಲಜನಕ ಅತಿಯಾದಾಗ ಎಳೆಯ ನಾಳಗಳು ಬಾಡಿ ಬೆಳವಣಿಗೆ ನಿಲ್ಲುತ್ತದೆ. ಮುಂದೆ ರಕ್ತ ಸಾಲದ ಅಕ್ಷಿಪಟದ ಕರೆಗೆ ಓಗೊಟ್ಟು ನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ಅಕ್ಷಿಪಟವನ್ನೇ ಎಳೆದು ಕಳಚಿಬಿಡುತ್ತವೆ.

ಹಾಗೆಂದು ಆಮ್ಲಜನಕವನ್ನು ಬಿಗಿಹಿಡಿದರೇನಾಯಿತು? ಕುರುಡು ಇಳಿಯಿತು, ಸಾವು ಏರಿತು. ಒಂದು ಮಗುವಿನ ಕಣ್ಣುಳಿಸಲು ಸುಮಾರು 16 ಮಕ್ಕಳು ಪ್ರಾಣ ತೆತ್ತಿರಬಹುದೆಂದು ಬ್ರಿಟನ್ನಿನ ಕೆನೆತ್ ಕ್ರಾಸ್ 1973ರಲ್ಲಿ ಲೆಕ್ಕ ಹಾಕಿದನು. ಈಗ ಒಳ್ಳೆಯ ಶಿಶುಚಿಕಿತ್ಸಾ ಘಟಕಗಳಲ್ಲಿ ಕೂಸಿನ ಪುಟ್ಟ ಅಂಗಾಲಿಗೋ ಅಂಗೈಗೋ ಸುತ್ತಿದ ಸಂವೇದಕವು ರಕ್ತದ ಆಮ್ಲಜನಕವನ್ನು ಕ್ಷಣಕ್ಷಣವೂ ಅಳೆಯುತ್ತದೆ. ದಾದಿಯರು ಅದನ್ನು ನೋಡಿ ಅನಿಲವನ್ನು ಏರಿಸುತ್ತಾರೆ, ಇಳಿಸುತ್ತಾರೆ.

ಸಣ್ಣ ಪಟ್ಟಣಗಳ ಆಸ್ಪತ್ರೆಗಳಲ್ಲಿಯೂ ಇಂಥ ಕೂಸುಗಳು ಬದುಕತೊಡಗಿದ ಮೇಲೆ ಕರ್ನಾಟಕಕ್ಕೂ ಈ ಚಿಂತೆ ಬಂದಿತು. ಎಳೆಗೂಸಿನ ಅಕ್ಷಿಪಟವನ್ನು ಪರೀಕ್ಷಿಸಬಲ್ಲ ತಜ್ಞರು ಬೆರಳೆಣಿಕೆಯಷ್ಟು. ಅವರಿದ್ದುದು ದೊಡ್ಡ ನಗರಗಳಲ್ಲಿ. ಹಳ್ಳಿಯ ಬಾಣಂತಿಯು ಹಸುಗೂಸನ್ನು ಹೊತ್ತು ಬೆಂಗಳೂರಿಗೆ ಅಲೆಯುವುದು ಸುಲಭವಲ್ಲ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಅವರು ಆರಂಭಿಸಿದ ಕಿಡ್‌ರಾಪ್ ಯೋಜನೆಯು ಪ್ರಯಾಣದ ದಿಕ್ಕನ್ನೇ ಬದಲಾಯಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾದೊಂದಿಗೆ ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ, ಕೂಸಿನ ಕಣ್ಣಿನ ಒಳಭಾಗದ ಚಿತ್ರಗಳನ್ನು ತೆಗೆದು, ದೂರದಲ್ಲಿರುವ ತಜ್ಞರಿಗೆ ಅಂತರಜಾಲದ ಮೂಲಕ ಕಳುಹಿಸುತ್ತಾರೆ. ನಾಳಗಳು ಕೆಟ್ಟ ಹಾದಿ ಹಿಡಿದಿದ್ದರೆ ಲೇಸರ್ ಚಿಕಿತ್ಸೆಯಿಂದ ತಡೆಯಬಹುದು. ಆದರೆ ಕಾಲಾವಕಾಶ ಅತ್ಯಲ್ಪ. 34 ವಾರಗಳಿಗೆ ಮುನ್ನ ಹುಟ್ಟಿದ, ಇಲ್ಲವೆ ಎರಡು ಕಿಲೋಗ್ರಾಮಿಗಿಂತ ಕಡಮೆ ತೂಕದ ಕೂಸಿನ ಕಣ್ಣನ್ನು ಹುಟ್ಟಿದ 30 ದಿನಗಳೊಳಗಾಗಿ, ಇನ್ನೂ ಎಳೆಯದಾದರೆ ಎರಡು ಮೂರು ವಾರಗಳಲ್ಲಿಯೇ ಪರೀಕ್ಷಿಸಬೇಕು. ಆ ವೇಳೆಗೆ ಹೊರಗಿನಿಂದ ನೋಡುವ ತಾಯಿಗೆ ಮಗುವಿನ ಕಣ್ಣು ಎಲ್ಲ ಮಕ್ಕಳ ಕಣ್ಣಿನಂತೆಯೇ ಕಾಣುತ್ತಿರುತ್ತದೆ.